ಸೂಚಿಕಾರನ ಶ್ರಮ: ಯಳಂದೂರು–ಕೊಳ್ಳೇಗಾಲ ಸೀಮೆಯ ನಿದರ್ಶನ

ಗ್ರಂಥದ ಕೊನೆಯಲ್ಲಿ ಅಚ್ಚಾಗುವ ಅಕಾರಾದಿ ಸೂಚಿಯನ್ನು ಗುಮಾಸ್ತೆಯ ಕೆಲಸವೆಂದು ಎಣಿಸುವ ವಾಡಿಕೆ ವಿದ್ವದ್ವಲಯದಲ್ಲಿಯೂ ಉಂಟು. ಸಂಪಾದಕನ ಹೆಸರು ಮುಖಪುಟದಲ್ಲಿರುತ್ತದೆ. ಸೂಚಿಕಾರನ ಹೆಸರು ಅನೇಕ ಗ್ರಂಥಗಳಲ್ಲಿ ಎಲ್ಲಿಯೂ ಇರುವುದಿಲ್ಲ. ಆದರೆ ಒಂದು ಹೆಸರನ್ನೂ ಬಿಡದೆ ಗ್ರಂಥವನ್ನು ಆದ್ಯಂತ ಓದಬೇಕಾದವನು ಅವನೇ. ಹೆಸರೊಂದಕ್ಕೆ ಚೀಟಿಯೊಂದರಂತೆ ಬರೆದು, ಜೋಡಿಸಿ, ಮೂಲದೊಡನೆ ಮತ್ತೆ ತಾಳೆನೋಡುವ ಈ ಕಾರ್ಯ ಕೇವಲ ಯಾಂತ್ರಿಕವಾದುದಲ್ಲ, ವಿವೇಚನೆಯದು. ಇದಕ್ಕೆ ಯಳಂದೂರು, ಕೊಳ್ಳೇಗಾಲ, ಹನೂರುಗಳ ಸೀಮೆಯೇ ಉತ್ತಮ ನಿದರ್ಶನ.

ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ 4ನೆಯ ಸಂಪುಟ 1898ರಲ್ಲಿ ಪ್ರಕಟವಾಯಿತು. ಪೂರ್ಣಯ್ಯನವರ ಮನೆತನದ ಜಹಗೀರಾಗಿದ್ದ ಯಳಂದೂರಿನ ಶಾಸನಗಳು ಅದರಲ್ಲಿ ಸೇರಿದುವು. ಅದಕ್ಕೆ ಹೊಂದಿಕೊಂಡಿರುವ ಕೊಳ್ಳೇಗಾಲದವು ಸೇರಲಿಲ್ಲ. ಆ ತಾಲ್ಲೂಕು 1956ರವರೆಗೆ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1975ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ ಎರಡೂ ಒಂದೆಡೆ ಕೂಡಿದುವು. ಹನೂರು ಪ್ರತ್ಯೇಕ ತಾಲ್ಲೂಕಾದುದು ಆಮೇಲೆ. ಆದ್ದರಿಂದ ಹನೂರು ತಾಲ್ಲೂಕಿನ ಶಾಸನಗಳನ್ನು ಹುಡುಕುವವನು ಕೊಳ್ಳೇಗಾಲವೆಂಬ ಶೀರ್ಷಿಕೆಯನ್ನು ನೋಡಬೇಕು. ನೆಲ ಬದಲಾಗಲಿಲ್ಲ, ಗಡಿ ಬದಲಾಯಿತು. ಈ ವಿಷಯವನ್ನು ‘ನೋಡಿ’ ಎಂಬ ಒಂದು ಸೂಚನೆಯಿಂದ ತಿಳಿಸುವುದು ಸೂಚಿಕಾರನ ಹೊಣೆ.

ವ್ಯಕ್ತಿನಾಮಗಳಲ್ಲಿ ತೊಡಕು ಇನ್ನೂ ಹೆಚ್ಚು. ಚಿಕ್ಕದೇವರಾಜ ಒಡೆಯರ (1673–1704) ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತನು ಯಳಂದೂರಿನ ಜೈನ. ಅರಸನ ಹೆಸರಿನ ಕೆಳಗೆ ಮಾತ್ರ ಅವನನ್ನು ಸೇರಿಸಿದರೆ ಆಸ್ಥಾನದ ಇತಿಹಾಸ ಸಿಕ್ಕೀತು, ಯಳಂದೂರಿನ ಜೈನಸಮಾಜದ ಇತಿಹಾಸ ಸಿಕ್ಕದು. ವ್ಯಕ್ತಿ, ಊರು, ಧರ್ಮ, ಅಧಿಕಾರ ಎಂಬ ನಾಲ್ಕು ಬಾಗಿಲುಗಳಿಂದಲೂ ಅವನು ದೊರೆಯುವಂತಿರಬೇಕು.

ನೆರೆಯ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯೊಡನೆ ಪರಂಪರೆಯು ಪೂಜ್ಯಪಾದಾಚಾರ್ಯರ ಹೆಸರನ್ನು ಸೇರಿಸುತ್ತದೆ. ದೇವನಂದಿ, ಜಿನೇಂದ್ರಬುದ್ಧಿ ಎಂಬುವೂ ಅವರ ಹೆಸರುಗಳೇ. ಪರಸ್ಪರ ನಿರ್ದೇಶನವಿಲ್ಲದೆ ಇವನ್ನು ಮೂರು ಕಡೆ ಕೊಟ್ಟರೆ, ಪರಂಪರೆಯನ್ನರಿಯದ ಓದುಗನಿಗೆ ಒಬ್ಬ ಆಚಾರ್ಯರು ಮೂವರಾಗಿ ಕಾಣುತ್ತಾರೆ. ಪ್ರಭಾಚಂದ್ರರ ವಿಷಯದಲ್ಲಿ ಇದಕ್ಕೆ ವಿಪರೀತವಾದ ಅಪಾಯ: ಬೇರೆ ಬೇರೆ ಕಾಲದ ಹಲವರು ಒಬ್ಬರಾಗಿಬಿಡುತ್ತಾರೆ. ಅದೇ ಮಲೆಯೂರಿನ ದೇವಚಂದ್ರನ ‘ರಾಜಾವಳೀ ಕಥೆ’ಯಂತಹ ಸಂಕೀರ್ಣ ಕೃತಿಗೆ ನಾಮಸೂಚಿ ಅಲಂಕಾರವಲ್ಲ, ಪ್ರವೇಶದ್ವಾರ.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (ಭಾರತೀಯ ಜ್ಞಾನಪೀಠ, ಕಾಶಿ, 1948) ಈ ವ್ಯಾಸಂಗದ ದೊಡ್ಡ ಸಾಧನೆ. ಕಟ್ಟುಗಳನ್ನು ಬಿಚ್ಚಿ, ಗರಿಗಳನ್ನೆಣಿಸಿ, ಕನ್ನಡ ಲಿಪಿಯ ಓಲೆಗಳ ವಿವರವನ್ನು ಅವರು ಉತ್ತರದ ವಿದ್ವಾಂಸರಿಗೂ ತಲಪಿಸಿದರು. ಪುಸ್ತಕಪ್ರೀತಿಯಿಲ್ಲದೆ ಇಂತಹ ತಾಳ್ಮೆ ಸಾಧ್ಯವಿಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಹೆಸರಿನಲ್ಲಿ ‘ಕನ್ನಡ ಪ್ರಾಂತ’ವಿದ್ದರೂ ಅದರ ವ್ಯಾಪ್ತಿ ಮುಖ್ಯವಾಗಿ ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಯ ಭಂಡಾರಗಳದು. ಯಳಂದೂರು–ಕೊಳ್ಳೇಗಾಲದ ಓಲೆಗಳು ಅದರಲ್ಲಿ ಕಾಣದಿದ್ದರೆ ಅವು ಇರಲೇ ಇಲ್ಲವೆಂದು ತೀರ್ಮಾನಿಸುವುದು ಸೂಚಿಯ ದೋಷವಲ್ಲ, ಸೂಚಿಯನ್ನು ಓದುವವರ ದೋಷ. ಪ್ರತಿಯೊಂದು ಸೂಚಿಯೂ ತಾನು ನೋಡದ ಭಂಡಾರಗಳು ಯಾವುವೆಂಬುದನ್ನು ಪೀಠಿಕೆಯಲ್ಲಿಯೇ ಹೇಳಿದರೆ ಈ ಭ್ರಮೆಗೆ ಅವಕಾಶವಿರದು.

ಲಿಪಿಕಾರನು ಗ್ರಂಥವನ್ನು ನಾಶದಿಂದ ಉಳಿಸಿದ. ಸೂಚಿಕಾರನು ಅದನ್ನು ಮರೆವಿನಿಂದ ಉಳಿಸುತ್ತಾನೆ. ಲಿಪಿಕಾರನ ಹೆಸರನ್ನು ಪ್ರಶಸ್ತಿವಾಕ್ಯದಲ್ಲಿ ಹುಡುಕಿ ಗೌರವಿಸುವ ಸಂಶೋಧಕರು ಸೂಚಿಕಾರನ ಹೆಸರನ್ನೂ ಗ್ರಂಥದಲ್ಲಿ ಅಚ್ಚುಮಾಡಿಸುವುದು ನ್ಯಾಯ.