ಪಾಲಿಗೆ ಬಂದ ಭಾಷೆ: ಕಾರ್ನಾಡರ ‘ಒಡಕಲು ಬಿಂಬ’

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಮೊದಲು ರಂಗವೇರಿತು. ಅಂದಿನಿಂದ ಅದನ್ನು ಕುರಿತು ನಡೆದ ಚರ್ಚೆ ಬಹುಮಟ್ಟಿಗೆ ಒಂದೇ ಜಾಡು ಹಿಡಿದಿದೆ: ಕನ್ನಡದಲ್ಲಿ ಬರೆಯುತ್ತಿದ್ದವಳು ಇಂಗ್ಲಿಷಿಗೆ ಹೋದುದು ಸರಿಯೋ ತಪ್ಪೋ? ನಾಟಕದ ಆರಂಭವೇ ಈ ಬಗೆಯ ಓದಿಗೆ ಆಸ್ಪದ ಕೊಡುತ್ತದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಇಡೀ ಕೃತಿಯನ್ನು ಈ ಪ್ರಶ್ನೆಗೆ ಕಟ್ಟಿಹಾಕಿದರೆ ಅದರ ಒಡಲಲ್ಲಿ ಕುದಿಯುತ್ತಿರುವ ಮನೆಮಾತಿನ ವ್ಯಾಜ್ಯ ಕಾಣದೆ ಹೋಗುತ್ತದೆ. ಇಬ್ಬರು ಅಕ್ಕತಂಗಿಯರು, ಒಂದು ಮನೆ, ತಂದೆತಾಯಿ ಹಂಚಿಕೊಟ್ಟ ಪಾಲು. ನಾಟಕದ ನಿಜವಾದ ನೆಲೆ ಇಲ್ಲಿದೆ.

ಕಥೆಯ ಹಂದರ ಸಣ್ಣದು. ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದು, ಕನ್ನಡದಲ್ಲಿ ಅಷ್ಟೇನೂ ಹೆಸರು ತಾರದ ಸಣ್ಣಕಥೆಗಳನ್ನು ಬರೆದಿದ್ದ ಮಂಜುಳಾ ನಾಯಕ್ ಒಂದೇ ಒಂದು ಇಂಗ್ಲಿಷ್ ಕಾದಂಬರಿಯಿಂದ ದೇಶವಿದೇಶಗಳಲ್ಲಿ ಪ್ರಸಿದ್ಧಳಾಗಿದ್ದಾಳೆ. ಕಾದಂಬರಿಯ ನಾಯಕಿ ನಡೆಯಲಾರದವಳು. ಅವಳಿಗೆ ಮಾದರಿ ಗಾಲಿಕುರ್ಚಿಯಲ್ಲಿಯೇ ಬಾಳಿ ತೀರಿಕೊಂಡ ತಂಗಿ ಮಾಲಿನಿ. ಕಾದಂಬರಿಯನ್ನು ಆಧರಿಸಿದ ಕನ್ನಡ ಟೆಲಿಚಿತ್ರದ ಪ್ರಸಾರಕ್ಕೆ ಮುನ್ನ ಮಂಜುಳೆ ಟಿ.ವಿ. ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡುವ ಹೊತ್ತಿಗೆ ತೆರೆಯ ಮೇಲೆ ಉಳಿದುಕೊಂಡ ಅವಳದೇ ಬಿಂಬ ಅವಳನ್ನು ಮಾತಿಗೆಳೆಯುತ್ತದೆ. ಸ್ನೇಹದಿಂದ ತೊಡಗಿದ ಮಾತು ಮೆಲ್ಲಮೆಲ್ಲನೆ ಪಾಟೀಸವಾಲಾಗುತ್ತದೆ. ಕೊನೆಗೆ ಹೊರಬೀಳುವ ಸತ್ಯವೆಂದರೆ, ಕಾದಂಬರಿಯನ್ನು ಬರೆದವಳು ಮಾಲಿನಿ. ರಂಗದ ಮೇಲಿರುವವಳು ಒಬ್ಬಳೇ ನಟಿ.

ಮಹತ್ವಾಕಾಂಕ್ಷೆಯನ್ನು ಚಿತ್ರಿಸುವ ನಾಟಕಗಳಲ್ಲಿ ಸಾಮಾನ್ಯವಾಗಿ ಹಿರಿಯರ ನಿರೀಕ್ಷೆಯ ಹೊರೆ ಮಕ್ಕಳ ಬೆನ್ನು ಬಾಗಿಸುತ್ತದೆ. ಮಂಜುಳೆಯ ಸಂಕಟ ಇದಕ್ಕೆ ತಿರುಗುಮುರುಗಾದುದು. ಅವಳಿಂದ ಯಾರೂ ಏನನ್ನೂ ಬಯಸಲಿಲ್ಲ. ಗಟ್ಟಿಮುಟ್ಟಾದ ಮಗು ತಾನಾಗಿ ಬೆಳೆಯುತ್ತದೆಂಬ ನಂಬಿಕೆಯಿಂದ ಅವಳನ್ನು ಧಾರವಾಡದಲ್ಲಿ ಅಜ್ಜಅಜ್ಜಿಯರ ಬಳಿ ಬಿಟ್ಟು, ತಂದೆತಾಯಿ ಬೆಂಗಳೂರಿನಲ್ಲಿ ಮಾಲಿನಿಯ ಆರೈಕೆಯಲ್ಲಿ ಮುಳುಗಿದರು. ಮುಂದೆ ತಂದೆಯ ಹಣದ ಬಹುಭಾಗವೂ ಮಾಲಿನಿಗೇ ಸಂದಿತು. ಇದರಲ್ಲಿ ಅನ್ಯಾಯವನ್ನು ಹುಡುಕುವುದು ಕಷ್ಟ. ನಡೆಯಲಾರದ ಮಗಳಿಗೆ ಜೀವನಾಧಾರ ಬೇಡವೆ? ಮಂಜುಳೆಯೂ ಬಾಯಿಮಾತಿನಲ್ಲಿ ಇದನ್ನು ಒಪ್ಪುತ್ತಾಳೆ. ಆದರೆ ಲೆಕ್ಕ ತಾಳೆಯಾದ ಮಾತ್ರಕ್ಕೆ ಖಾತೆ ಮುಗಿಯದ ವ್ಯವಹಾರಗಳುಂಟು. ಕಾರ್ನಾಡರ ಕುಶಲತೆಯೆಂದರೆ, ತಂದೆತಾಯಿಯರನ್ನು ಖಳರನ್ನಾಗಿ ಮಾಡದೆಯೇ ಈ ಗಾಯವನ್ನು ಬಿಚ್ಚಿ ತೋರಿಸಿರುವುದು.

1961ರಲ್ಲಿ ಪ್ರಕಟವಾದ ‘ಯಯಾತಿ’ಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಆಕ್ಸ್‌ಫರ್ಡಿಗೆ ಹೊರಟ ದಿನಗಳಲ್ಲಿ ಮನೆಯ ಹಿರಿಯರ ಆತಂಕದ ನಡುವೆ ಆ ನಾಟಕ ಹುಟ್ಟಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಅಲ್ಲಿ ತಂದೆ ಮಗನ ಯೌವನವನ್ನೇ ಬೇಡುತ್ತಾನೆ. ಪುರು ಕೊಟ್ಟು ಮುದುಕನಾಗುತ್ತಾನೆ. ನಾಲ್ಕು ದಶಕಗಳ ತರುವಾಯ ಬಂದ ಈ ನಾಟಕದಲ್ಲಿ ಬೇಡುವವರೇ ಇಲ್ಲದ ಮಗಳೊಬ್ಬಳು, ತನ್ನಿಂದಲೂ ಏನನ್ನಾದರೂ ಕೇಳಬಹುದಿತ್ತಲ್ಲ ಎಂದು ಒಳಗೊಳಗೇ ಬೇಯುತ್ತಾಳೆ.

ಭಾಷೆಯ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಮತ್ತೆ ನೋಡಬೇಕು. ಬೆಂಗಳೂರಿನ ಮನೆಯಲ್ಲಿ ತಂದೆತಾಯಿಯರ ಎಲ್ಲ ಗಮನವನ್ನೂ ಉಂಡು ಬೆಳೆದ ಮಾಲಿನಿಗೆ ಇಂಗ್ಲಿಷ್ ಉಸಿರಿನಷ್ಟು ಸಹಜ. ಧಾರವಾಡದಲ್ಲಿ ಉಳಿದ ಮಂಜುಳೆಗೆ ದಕ್ಕಿದ್ದು ಕನ್ನಡ. ಇಂಗ್ಲಿಷ್ ಅವಳಿಗೆ ಸಂಬಳ ತರುವ ವಿದ್ಯೆ. ಹೀಗೆ ಹಣದಂತೆ, ಮಮತೆಯಂತೆ, ಭಾಷೆಯೂ ಪಾಲುಪಟ್ಟಿಯಲ್ಲಿ ಸೇರಿದೆ. ಸತ್ತ ತಂಗಿಯ ಹಸ್ತಪ್ರತಿಯನ್ನು ತನ್ನದೆಂದು ಹೊರತಂದಾಗ ಮಂಜುಳೆ ತನಗೆ ಬಾರದ ಪಾಲನ್ನು ವಸೂಲು ಮಾಡಿಕೊಳ್ಳುತ್ತಿದ್ದಾಳೆ. ಮುಂಬಯಿ, ದಿಲ್ಲಿಗಳ ಕನ್ನಡ ಮನೆಗಳಲ್ಲಿ ಇದು ಅಪರಿಚಿತ ಸಂಗತಿಯಲ್ಲ. ತಂದೆಯ ಒಂದು ವರ್ಗಾವಣೆಯ ಆಚೆ ಈಚೆ ಹುಟ್ಟಿದ ಇಬ್ಬರು ಮಕ್ಕಳಲ್ಲಿ ಒಬ್ಬರು ಅಜ್ಜಿಗೆ ಕಾಗದ ಬರೆಯಬಲ್ಲರು, ಇನ್ನೊಬ್ಬರು ಓದಿಸಿಕೊಂಡು ಕೇಳಬೇಕು. ಆಯ್ಕೆ ಮಾಡಿದವರು ಆ ಮಕ್ಕಳಲ್ಲ. ಇಂಗ್ಲಿಷಿಗೆ ಹೋದವರ ಸ್ವಾಭಿಮಾನವನ್ನು ಪ್ರಶ್ನಿಸುವ ವಿಮರ್ಶೆ ಈ ಸಂಗತಿಯನ್ನು ಗಮನಿಸದೆ ಮುಂದೆ ಸಾಗುವಂತಿಲ್ಲ. ಮನೆಯಲ್ಲಿ ಕೊಂಕಣಿ ಆಡಿ, ಶಿರಸಿ ಧಾರವಾಡಗಳಲ್ಲಿ ಬೆಳೆದು, ಕನ್ನಡದಲ್ಲಿ ನಾಟಕ ಬರೆದು ತಾವೇ ಇಂಗ್ಲಿಷಿಗೆ ತಂದ ಲೇಖಕರಿಗೆ ಈ ಲೆಕ್ಕಾಚಾರ ಚೆನ್ನಾಗಿ ತಿಳಿದಿದ್ದಿತು.

ನಾಟಕದ ಅತ್ಯಂತ ಸಮರ್ಥವಾದ ಕಲ್ಪನೆ ಮಾತ್ರ ಬೇರೆಡೆ ಇದೆ. ಮಾಲಿನಿಯ ಕಾದಂಬರಿಯಲ್ಲಿ ನಾಯಕಿಯ ಸೋದರಸಂಬಂಧಿಯೊಬ್ಬಳು ದುಷ್ಟಪಾತ್ರ; ಆ ಪಾತ್ರಕ್ಕೆ ಅಚ್ಚು ಮಂಜುಳೆಯೇ. ತಂಗಿಯ ಸೇವೆಯನ್ನು ಅಕ್ಕರೆಯಿಂದ ಮಾಡಿದೆನೆಂದು ಲೋಕಕ್ಕೆ ಹೇಳಿಕೊಳ್ಳುತ್ತಿದ್ದವಳಿಗೆ, ತಂಗಿ ತನ್ನನ್ನು ಹೇಗೆ ಕಂಡಿದ್ದಳೆಂಬುದು ಅವಳು ಸತ್ತ ಮೇಲೆ ತಿಳಿಯುತ್ತದೆ. ಇಷ್ಟು ತಿಳಿದೂ ಅವಳು ಆ ಪುಸ್ತಕವನ್ನು ಸುಡಲಿಲ್ಲ. ತನ್ನ ಮೇಲಿನ ದೋಷಾರೋಪಣೆಗೆ ತಾನೇ ಸಹಿ ಹಾಕಿ ಲೋಕದ ಮುಂದಿಟ್ಟಳು. ಕೀರ್ತಿಯ ಆಸೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ಬೇಕಿಲ್ಲ. ತಂಗಿಯ ತೀರ್ಪನ್ನು ಅವಳು ಮನಸ್ಸಿನ ಮೂಲೆಯಲ್ಲಿ ಒಪ್ಪಿಕೊಂಡಿದ್ದಳೆ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ನಾಟಕ ಉತ್ತರಿಸದೆ ಬಿಟ್ಟಿರುವುದು ಉಚಿತವಾಗಿಯೇ ಇದೆ.

ದೋಷಗಳಿಲ್ಲವೆಂದಲ್ಲ. ಮನೆಯಲ್ಲಿ ಕುಳಿತು ಕಂಪ್ಯೂಟರಿನ ಕೆಲಸ ಮಾಡುತ್ತ ಮಾಲಿನಿಗೆ ಹತ್ತಿರವಾದ ಗಂಡ ಪ್ರಮೋದನ ಚಿತ್ರ ತೆಳುವಾಗಿದೆ; ಕಥೆಯ ಅಗತ್ಯಕ್ಕೆ ಬಂದು, ಅಗತ್ಯ ತೀರಿದೊಡನೆ ಅಮೆರಿಕಕ್ಕೆ ಹೊರಡುತ್ತಾನೆ. ಕನ್ನಡ ಸಾಹಿತಿಗಳನ್ನು ಕುಟುಕುವ ಮೊದಲ ಭಾಷಣ ರಂಜಕವಾಗಿದ್ದರೂ ಅದರಲ್ಲಿ ಎತ್ತಿದ ವಾದ ಮುಂದೆ ಬೆಳೆಯುವುದಿಲ್ಲ. ಆದರೂ, ಇಂಗ್ಲಿಷಿಗೆ ಹೋದುದನ್ನು ಕನ್ನಡದಲ್ಲಿಯೇ ಸಮರ್ಥಿಸಿಕೊಳ್ಳಬೇಕಾದ ವಕ್ರತೆ ಕನ್ನಡ ಪಾಠದಲ್ಲಿ ಹೆಚ್ಚು ಹರಿತವಾಗಿದೆ. ಮುಕ್ತಾಯ ಇದಕ್ಕಿಂತ ದೊಡ್ಡ ತೊಡಕು. ಬಿಂಬ ತಾನೇ ಮಾಲಿನಿಯೆಂದು ಸಾರಿ ಮಂಜುಳೆಯನ್ನು ನುಂಗಿಬಿಡುವಾಗ ಪ್ರೇಕ್ಷಕರು ಬೆರಗಾಗುತ್ತಾರೆ. ಆದರೆ ಅಷ್ಟು ಹೊತ್ತೂ ಕಟಕಟೆಯಲ್ಲಿ ನಿಂತಿದ್ದವಳು ಆ ಬೆರಗಿನ ಮರೆಯಲ್ಲಿ ತಪ್ಪಿಸಿಕೊಂಡು ಹೋಗುತ್ತಾಳೆ. ತಂಗಿ ಮೈದುಂಬಿದ ಮೇಲೆ ಅಕ್ಕ ಉತ್ತರ ಕೊಡಬೇಕಾಗಿಯೇ ಇಲ್ಲ.

ಪ್ರಯೋಗದ ವಿಷಯದಲ್ಲಿ ಒಂದು ಮಾತು. ಕಾರ್ನಾಡರು ಕೆ. ಎಂ. ಚೈತನ್ಯರೊಡನೆ ನಿರ್ದೇಶಿಸಿದ ಮೊದಲ ಪ್ರಯೋಗದಲ್ಲಿ ಕನ್ನಡದ ಮಂಜುಳೆಯಾದವರು ಅರುಂಧತಿ ನಾಗ್. ಎದುರುಪಾತ್ರ ತಮ್ಮದೇ ಮುದ್ರಿತ ಬಿಂಬ. ರಂಗದಲ್ಲಿ ಜೊತೆನಟರು ಇದ್ದರೆ ತಪ್ಪಿದ ಮಾತನ್ನು ಸಾವರಿಸಿಕೊಳ್ಳಬಹುದು, ಪ್ರೇಕ್ಷಕರು ನಕ್ಕರೆ ನಿಲ್ಲಬಹುದು. ಬಿಂಬ ಯಾರಿಗೂ ಕಾಯದು. ಮಂಜುಳೆ ತಬ್ಬಿಬ್ಬಾಗಿ ಸುಳ್ಳೊಂದನ್ನು ಹುಡುಕುವ ಎಡೆಗಳಲ್ಲಿ ಅವಳಿಗೆ ಸಿಗುವ ಕ್ಷಣಗಳನ್ನು ತೆರೆಯ ಮೇಲಿನವಳು ಮೊದಲೇ ಅಳೆದಿಟ್ಟಿರುತ್ತಾಳೆ.