ನಾಲಿಕವು ಕೋವಿಯೇ? — ಒಂದು ವಿಮರ್ಶೆ

ಪ್ರಾಚೀನ ಭಾರತೀಯರು ಮದ್ದನ್ನೂ ಕೋವಿಯನ್ನೂ ಬಲ್ಲವರಾಗಿದ್ದರೆಂಬ ಮಾತು ಉಪನ್ಯಾಸಗಳಲ್ಲಿಯೂ ಲೇಖನಗಳಲ್ಲಿಯೂ ಆಗಾಗ್ಗೆ ಕೇಳಿಬರುತ್ತದೆ. ರಾಮಾಯಣದ ಶತಘ್ನಿಯು ತೋಪು, ಮಹಾಭಾರತದ ನಾಲೀಕವು ಬಂದೂಕು, ಆಗ್ನೇಯಾಸ್ತ್ರವು ಸಿಡಿಗುಂಡು ಎಂದು ಒಂದೊಂದು ಹೆಸರಿಗೂ ಒಂದೊಂದು ಯಂತ್ರವನ್ನು ಹೊಂದಿಸಿಬಿಡುವ ಪದ್ಧತಿಯು ನಮ್ಮಲ್ಲಿ ರೂಢವಾಗಿದೆ. ಇದು ಸ್ವದೇಶಾಭಿಮಾನದಿಂದ ಹುಟ್ಟಿದ ವಾದವೆಂದು ಹಲವರು ತಿಳಿದಿರುವರು. ಆದರೆ ಇದನ್ನು ಮೊದಲು ಹೇಳಿದವರು ನಮ್ಮವರಲ್ಲ. 1776ರಲ್ಲಿ ಹಿಂದೂ ಧರ್ಮಶಾಸ್ತ್ರದ ಸಂಗ್ರಹವೊಂದನ್ನು ಇಂಗ್ಲೀಷಿನಲ್ಲಿ ಪ್ರಕಟಿಸಿದ ಹಾಲ್‌ಹೆಡ್ ಎಂಬಾತನು ಈ ಅಭಿಪ್ರಾಯಕ್ಕೆ ಬೀಜ ಹಾಕಿದನು. 1880ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತಾಧ್ಯಾಪಕನಾಗಿದ್ದ ಜರ್ಮನ್ ಪಂಡಿತ ಗುಸ್ತಾವ್ ಓಪರ್ಟನು, ಪ್ರಾಚೀನ ಹಿಂದೂಗಳ ಆಯುಧಗಳನ್ನೂ ಸೈನ್ಯವ್ಯವಸ್ಥೆಯನ್ನೂ ಕುರಿತು ಬರೆದ ಗ್ರಂಥದಲ್ಲಿ ಅದನ್ನು ಒಂದು ಸಿದ್ಧಾಂತವಾಗಿಯೇ ಬೆಳೆಸಿದನು. ಅವನ ಆಧಾರಗಳು ಮುಖ್ಯವಾಗಿ ಎರಡು: ಶುಕ್ರನೀತಿಸಾರ ಮತ್ತು ವೈಶಂಪಾಯನಕೃತವೆಂದು ಹೇಳಲಾದ ನೀತಿಪ್ರಕಾಶಿಕೆ. ನಮ್ಮವರು ಅನಂತರ ಎತ್ತಿಕೊಂಡುದೆಲ್ಲವೂ ಬಹುಮಟ್ಟಿಗೆ ಓಪರ್ಟನ ಉಗ್ರಾಣದಿಂದಲೇ ಬಂದುದು.

ಓಪರ್ಟನು ಅಲ್ಪಜ್ಞನಲ್ಲ, ಅವನ ಶ್ರಮವನ್ನು ಹಗುರವಾಗಿ ಕಾಣಲಾಗದು. ಆದಕಾರಣವೇ ಅವನ ವಾದವನ್ನು ಮೂಲಕ್ಕೆ ಹೋಗಿ ಪರೀಕ್ಷಿಸಬೇಕಾಗಿದೆ.

ಮೊದಲು ಶುಕ್ರನೀತಿಯನ್ನು ನೋಡೋಣ. ಅದರಲ್ಲಿ ನಾಲಿಕಾಸ್ತ್ರವು ದೊಡ್ಡದು ಚಿಕ್ಕದು ಎಂದು ಎರಡು ವಿಧ. ಚಿಕ್ಕದು ಐದು ಗೇಣು ಉದ್ದದ ಕೊಳವೆ. ಗುರಿ ಹಿಡಿಯಲು ಬುಡದಲ್ಲಿಯೂ ತುದಿಯಲ್ಲಿಯೂ ಎಳ್ಳಿನಂಥ ಬಿಂದುಗಳು. ಹಿಡಿಯಲು ಮರದ ಬುಡ. ಯಂತ್ರದ ಹೊಡೆತದಿಂದ ಕಿಡಿ ಹುಟ್ಟಿಸುವ ಏರ್ಪಾಡು. ದೊಡ್ಡದನ್ನು ಬಂಡಿಯ ಮೇಲೆ ಸಾಗಿಸತಕ್ಕದ್ದು. ಮದ್ದಿಗೆ ಸುವರ್ಚಿಲವಣ ಐದು ಪಲ, ಗಂಧಕ ಒಂದು ಪಲ, ಹೊಗೆ ಹೊರಹೋಗದಂತೆ ಸುಟ್ಟ ಎಕ್ಕ ಕಳ್ಳಿ ಮೊದಲಾದವುಗಳ ಇದ್ದಿಲು ಒಂದು ಪಲ. ಈ ವರ್ಣನೆಯು ಕೋವಿಯದೇ ಎಂಬುದರಲ್ಲಿ ಸಂದೇಹವಿಲ್ಲ. ಓಪರ್ಟನು ಇಲ್ಲಿ ತಪ್ಪಲಿಲ್ಲ. ಅವನು ತಪ್ಪಿದುದು ಗ್ರಂಥದ ಕಾಲದಲ್ಲಿ.

ವರ್ಣನೆಯು ಎಷ್ಟು ಸ್ಪಷ್ಟವೋ ಅಷ್ಟೂ ಅದು ತನ್ನ ಕಾಲವನ್ನು ತಾನೇ ಹೇಳಿಬಿಡುತ್ತದೆ. ಮೇಲಿನ ಲೆಕ್ಕದಲ್ಲಿ ಪೆಟ್ಲುಪ್ಪು ನೂರಕ್ಕೆ 71 ಭಾಗಕ್ಕೆ ಮಿಕ್ಕಿ ಬರುತ್ತದೆ. ಗಂಧಕವೂ ಇದ್ದಿಲೂ ನೂರಕ್ಕೆ 14ರಷ್ಟು. ಯೂರೋಪಿನಲ್ಲಿ ಕೊನೆಗೆ ನೆಲೆಗೊಂಡ ಪ್ರಮಾಣವು 75, 10, 15. ಎರಡಕ್ಕೂ ಅಂತರವು ಅಲ್ಪ. ಆದರೆ ಮದ್ದಿನ ವಿಧಿಗಳನ್ನು ಅಚ್ಚುಕಟ್ಟಾಗಿ ಬರೆದಿಟ್ಟ ಮೊದಲ ಗ್ರಂಥವಾದ ಚೀನದ ‘ವೂಜಿಂಗ್ ಜೊಂಗ್‌ಯಾವ್’ (1044) ಎಂಬುದರಲ್ಲಿ ಉಪ್ಪಿನ ಪಾಲು ಇದಕ್ಕಿಂತ ಬಹಳ ಕಡಮೆ. ಇದಕ್ಕೆ ಕಾರಣವುಂಟು. ಇದ್ದಿಲೂ ಗಂಧಕವೂ ಉರಿಯಲು ಬೇಕಾದ ಪ್ರಾಣವಾಯುವನ್ನು ಒದಗಿಸುವುದು ಉಪ್ಪು. ಅದು ಕಡಮೆಯಾದರೆ ಮಿಶ್ರಣವು ಬುಸುಗುಟ್ಟಿ ಉರಿಯುತ್ತದೆ, ಶತ್ರುವಿನ ಮನೆಗೆ ಕಿಚ್ಚಿಡಲು ಸಾಕಾಗುತ್ತದೆ. ಮುಚ್ಚಿದ ಕೊಳವೆಯಲ್ಲಿ ಗುಂಡನ್ನು ನೂಕಲಾರದು. ನೂಕುವಷ್ಟು ಉಪ್ಪನ್ನು ಶೋಧಿಸಿ ಬೆರಸಬೇಕೆಂಬ ತಿಳಿವಳಿಕೆಯು ಚೀನದವರಿಗೂ ಎರಡು ಮೂರು ಶತಮಾನಗಳ ಪ್ರಯೋಗದಿಂದ ಬಂದಿತು. ಹೀಗಿರಲು ಪ್ರಯೋಗದ ಮೆಟ್ಟಿಲು ಒಂದೂ ಕಾಣದೆ, ಕೊನೆಯ ಮೆಟ್ಟಿಲೊಂದೇ ಶುಕ್ರಾಚಾರ್ಯರ ಹೆಸರಿನಲ್ಲಿ ನಿಂತಿರುವುದು ಹೇಗೆ? ಹೊಡೆತದಿಂದ ಕಿಡಿ ಹುಟ್ಟಿಸುವ ಯಂತ್ರವಂತೂ ಬತ್ತಿಯ ಕೋವಿಗಿಂತಲೂ ಈಚಿನದು. ಪ್ರಫುಲ್ಲಚಂದ್ರ ರಾಯರು 1902ರಲ್ಲಿ ತಮ್ಮ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿಯೇ ಈ ಭಾಗದ ಪ್ರಾಚೀನತೆಯನ್ನು ನಿರಾಕರಿಸಿದ್ದರು. 1962ರಲ್ಲಿ ಲಲ್ಲನ್‌ಜಿ ಗೋಪಾಲರು ಇನ್ನೂ ಮುಂದೆ ಹೋಗಿ, ಶುಕ್ರನೀತಿಯು ಇಡಿಯಾಗಿಯೇ 19ನೆಯ ಶತಮಾನದ ರಚನೆಯೆಂದು ವಾದಿಸಿದರು. ಅಷ್ಟು ದೂರ ಹೋಗಲು ಮನಸ್ಸಿಲ್ಲದವರು ಇರಬಹುದು; ಅವರಿಗೂ ಕೋವಿಯ ಶ್ಲೋಕಗಳನ್ನು 16ನೆಯ ಶತಮಾನಕ್ಕಿಂತ ಹಿಂದೆ ಇಡಲು ದಾರಿಯಿಲ್ಲವೆಂದು ನಮ್ಮ ಅಭಿಪ್ರಾಯ. ನೀತಿಪ್ರಕಾಶಿಕೆಯ ವಿಷಯದಲ್ಲಿ ಬೇರೆ ವಿಚಾರವೇ ಬೇಡ. ಅದರ ಗತಿಯೂ ಇದೇ.

ಇನ್ನು ಮನುವಿನ ವಚನ. ಧರ್ಮಯುದ್ಧದಲ್ಲಿ ಮುಳ್ಳುಗೊಕ್ಕೆಯ ಬಾಣ, ವಿಷ ಸವರಿದ ಬಾಣ, ಅಲಗಿಗೆ ಬೆಂಕಿ ಹೊತ್ತಿಸಿದ ಬಾಣ ಇವುಗಳಿಂದ ಹೊಡೆಯಬಾರದೆಂದು ಏಳನೆಯ ಅಧ್ಯಾಯದಲ್ಲಿ ಹೇಳಿದೆ. ಹಾಲ್‌ಹೆಡ್ಡನು ಕೋವಿಯನ್ನು ಕಂಡುದು ಇಂಥ ನಿಷೇಧದಲ್ಲಿ. ಉರಿಯುವ ಅಲಗು ಅಲಗೇ ಹೊರತು ಗುಂಡಲ್ಲ.

ಓಪರ್ಟನಿಗೆ ದೊರೆಯದೆ ನಮಗೆ ದೊರೆತಿರುವ ಒಂದು ದೊಡ್ಡ ಸಾಕ್ಷಿಯುಂಟು. ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದುದು 1909ರಲ್ಲಿ, ಎಂದರೆ ಓಪರ್ಟನ ಗ್ರಂಥವು ಹೊರಟು 29 ವರ್ಷಗಳಾದ ಮೇಲೆ. ಆಯುಧಾಗಾರಾಧ್ಯಕ್ಷನ ಪ್ರಕರಣದಲ್ಲಿ ಕೌಟಿಲ್ಯನು ಸ್ಥಿರಯಂತ್ರ, ಚಲಯಂತ್ರ, ಬಿಲ್ಲು, ಬಾಣ, ಖಡ್ಗ, ಕವಚಗಳನ್ನು ಒಂದನ್ನೂ ಬಿಡದೆ ಎಣಿಸುತ್ತಾನೆ. ಶತಘ್ನಿಯು ಅಲ್ಲಿ ಚಲಯಂತ್ರಗಳ ಸಾಲಿನಲ್ಲಿ ಗದೆ, ಮುದ್ಗರ, ತ್ರಿಶೂಲಗಳ ಜೊತೆಗಿದೆ. ವ್ಯಾಖ್ಯಾನವು ಅದನ್ನು ಕೋಟೆಯ ಗೋಡೆಯ ಮೇಲಿಡುವ, ಮೊಳೆಗಳನ್ನು ನೆಟ್ಟ ದೊಡ್ಡ ಕಂಬವೆಂದು ವಿವರಿಸುತ್ತದೆ. ದುರ್ಗವನ್ನು ಹಿಡಿಯುವ ಹದಿಮೂರನೆಯ ಅಧಿಕರಣದಲ್ಲಿ ಕಿಚ್ಚಿಡುವ ಯೋಗಗಳಿವೆ: ದೇವದಾರು, ಗುಗ್ಗುಳ, ಅರಗು, ಮರದ ರಾಳಗಳು, ಕತ್ತೆ ಒಂಟೆ ಆಡು ಕುರಿಗಳ ಲದ್ದಿ ಹಿಕ್ಕೆಗಳು. ಪೆಟ್ಲುಪ್ಪಿಲ್ಲ. ಕುರಿಯ ಹಿಕ್ಕೆಯನ್ನೂ ಮರೆಯದ ಕೌಟಿಲ್ಯನು ಮದ್ದನ್ನು ಬಲ್ಲವನಾಗಿದ್ದರೆ ಅದನ್ನು ಮರೆಯುತ್ತಿದ್ದನೆ? ಅಷ್ಟೇ ಅಲ್ಲ, ಪರಾಕ್ರಮದಿಂದ ಹಿಡಿಯಬಹುದಾದ ದುರ್ಗಕ್ಕೆ ಬೆಂಕಿಯಿಡಬಾರದು, ಬೆಂಕಿಯನ್ನು ನಂಬಲಾಗದು, ಅದು ಧಾನ್ಯ ಪಶು ಹಣಗಳನ್ನೆಲ್ಲ ನುಂಗಿ ಬರಿಯ ದುರ್ಗವನ್ನು ಉಳಿಸುತ್ತದೆ ಎಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಅವನು ಬಲ್ಲ ಬೆಂಕಿಯು ಹರಡುವ ಬೆಂಕಿ. ಗುರಿಯಿಟ್ಟು ಹೊಡೆಯುವ ಬೆಂಕಿಯಲ್ಲ.

ಕನ್ನಡನಾಡಿನಲ್ಲಿಯೇ ಹುಟ್ಟಿದ ಮತ್ತೊಂದು ಸಾಕ್ಷಿ ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಈ ನೂರು ಅಧ್ಯಾಯಗಳ ಗ್ರಂಥದಲ್ಲಿ ಶಸ್ತ್ರವಿನೋದದಿಂದ ಹಿಡಿದು ಕೋಳಿಯಂಕ, ಟಗರುಕಾಳಗಗಳ ವರೆಗೆ ಅರಸನ ವಿನೋದಗಳೆಲ್ಲ ಇವೆ; ಬಾಣಬಿರುಸಿಗೆ ಒಂದು ಅಧ್ಯಾಯವೂ ಇಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನಾದರೋ ಮಹಾನವಮಿಯ ಉತ್ಸವದಲ್ಲಿ ಬಾಣಬಿರುಸುಗಳನ್ನು ಕಂಡು ಬೆರಗಾಗಿ ಬರೆಯುತ್ತಾನೆ. ಈ ಎರಡು ಬರಹಗಳ ನಡುವಣ ಮುನ್ನೂರು ವರ್ಷಗಳಲ್ಲಿ ಮದ್ದು ದಕ್ಷಿಣಾಪಥಕ್ಕೆ ಬಂದಿತೆಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ.

ಪದಗಳ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ತೋಪು, ತುಪಾಕಿಗಳು ತುರ್ಕಿಯಿಂದ ಬಂದವು. ಬಂದೂಕು ಅರಬ್ಬಿಯ ‘ಬುಂದುಕ್’. ಫಿರಂಗಿಯಲ್ಲಿ ತಂದವರ ಹೆಸರೇ ಉಳಿದಿದೆ. ‘ಮದ್ದು’ ನಮ್ಮ ಹಳೆಯ ಮಾತು, ಅರ್ಥ ಔಷಧ. ಅದು ಸಿಡಿಮದ್ದಿಗೆ ಹೇಗೆ ಹೊಂದಿತು? ಚೀನದವರು ಮದ್ದನ್ನು ‘ಬೆಂಕಿಯ ಔಷಧ’ವೆಂದೇ ಕರೆದರು, ಅರಬ್ಬರಲ್ಲಿ ‘ದವಾ’, ಪಾರಸಿಕರಲ್ಲಿ ‘ದಾರೂ’, ಎರಡಕ್ಕೂ ಔಷಧವೆಂದೇ ಅರ್ಥ. ವಸ್ತುವು ನಡೆದು ಬಂದ ದಾರಿಯಲ್ಲಿಯೇ ಹೆಸರೂ ಭಾಷೆಯಿಂದ ಭಾಷೆಗೆ ವೇಷ ಬದಲಿಸುತ್ತ ಬಂದಿದೆ. ಪೆಟ್ಲು ಎಂದರೆ ಸಿಡಿಯುವ ಕೊಳವೆ. ಪೆಟ್ಲುಪ್ಪು ಅದರ ಉಪ್ಪು. ತಮಿಳಿನ ‘ವೆಡಿಯುಪ್ಪು’ ಕೂಡ ಸಿಡಿಯುವ ಉಪ್ಪೇ. ಸಿಡಿತವನ್ನು ಕಂಡ ಮೇಲೆ ಇಟ್ಟ ಹೆಸರುಗಳಿವು.

ಓಪರ್ಟನು ನಾಲವೆಂದರೆ ಕೊಳವೆ, ಆದುದರಿಂದ ನಾಲಿಕವು ಕೋವಿ ಎಂದನು. ಕೋವಿಯೆಂದರೂ ಕೊಳವೆಯೇ ಸರಿಯಷ್ಟೆ. ಆದರೆ ಹಳೆಯ ಹೆಸರು ಹೊಸ ವಸ್ತುವಿಗೆ ಸಂದುದರಿಂದ ವಸ್ತುವೂ ಹಳೆಯದಾಗುವುದಿಲ್ಲ. ಮಹಾಭಾರತದ ನಾಲೀಕವು ಬಾಣದ ಒಂದು ಬಗೆ. ‘ಬಾಣ’ ಎಂಬ ಪದವನ್ನೇ ತೆಗೆದುಕೊಳ್ಳಿ. ಪಂಪನ ಕಾವ್ಯದಲ್ಲಿ ಅದು ಬಿಲ್ಲಿನಿಂದ ಹೊರಡುವ ಶರ; ಹೈದರ್ ಟಿಪ್ಪುಗಳ ದಂಡಿನಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿ ಹಾರಿಸುವ ಅಗ್ನಿಬಾಣ. ಪದವು ಒಂದೇ ಎಂದು ಟಿಪ್ಪುವಿನ ಬಾಣವನ್ನು ಪಂಪನ ಕಾಲಕ್ಕೆ ಒಯ್ದರೆ ಎಷ್ಟು ಅಸಂಗತವೋ, ಶುಕ್ರನೀತಿಯ ನಾಲಿಕವನ್ನು ಕುರುಕ್ಷೇತ್ರಕ್ಕೆ ಒಯ್ಯುವುದೂ ಅಷ್ಟೇ ಅಸಂಗತ.

ಇಂಥ ಎಚ್ಚರವು ಮುಸಲ್ಮಾನ ಇತಿಹಾಸಕಾರರನ್ನು ಓದುವಾಗಲೂ ಬೇಕು. 1366ರ ಸುಮಾರಿನಲ್ಲಿ ಬಹಮನಿ ಮಹಮ್ಮದ್ ಷಹನು ವಿಜಯನಗರದ ಮೇಲೆ ನಡಸಿದ ಯುದ್ಧದಲ್ಲಿ ತೋಪುಗಳಿದ್ದುವೆಂದು ಫಿರಿಸ್ತಾ ಹೇಳುತ್ತಾನೆ. ಆದರೆ ಅವನು ಬಿಜಾಪುರದಲ್ಲಿ ಕುಳಿತು ಬರೆದುದು 17ನೆಯ ಶತಮಾನದ ಆದಿಯಲ್ಲಿ. ಆ ತೋಪುಗಳನ್ನು ನಡಸಲು ರೂಮಿಗಳೂ ಫರಂಗಿಗಳೂ ನಿಯಮಿತರಾದರೆಂದು ಅವನೇ ಸೇರಿಸುತ್ತಾನೆ. ಪೋರ್ತುಗೀಜರು ಕಲ್ಲಿಕೋಟೆಯಲ್ಲಿ ಇಳಿದುದು 1498ರಲ್ಲಿ. ಅದಕ್ಕೆ 130 ವರ್ಷಗಳ ಹಿಂದೆ ಫರಂಗಿ ಗೋಲಂದಾಜರು ಎಲ್ಲಿಂದ ಬಂದರು? ತನ್ನ ಕಾಲದ ಬಿಜಾಪುರದ ದಂಡನ್ನು ಅವನು ಹಿಂದಕ್ಕೆ ಸರಿಸಿದ್ದಾನೆಂದೇ ತೋರುತ್ತದೆ. ಆ ಬಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನೂ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವನೇ.

ನಂಬತಕ್ಕ ಸಮಕಾಲೀನ ವರದಿ ಬೇಕಾದರೆ ರಾಯಚೂರಿಗೆ ಹೋಗಬೇಕು. 1520ರ ಮುತ್ತಿಗೆಯ ವಿಚಾರವನ್ನು ಹದಿನೈದು ವರ್ಷಗಳೊಳಗೆ ಅಥವಾ ಅದರ ಸುಮಾರಿನಲ್ಲಿ ಬರೆದ ನೂನಿಜನು, ಕೋಟೆಯಲ್ಲಿ ಇನ್ನೂರು ದೊಡ್ಡ ತೋಪುಗಳಿದ್ದುವೆನ್ನುತ್ತಾನೆ. ಕೃಷ್ಣದೇವರಾಯನ ಕಡೆಯವರು ಆ ಗೋಡೆಯನ್ನು ಕೆಡವಿದುದು ತೋಪಿನಿಂದಲ್ಲ, ಹಾರೆ ಗುದ್ದಲಿಗಳಿಂದ. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಅದರ ಗಾತ್ರವನ್ನು ನೋಡಿ ನಾಯಕರು ಹಣ ತೆರುತ್ತಿದ್ದರು. ಸತ್ತವನನ್ನು ಎಳೆದು ತಂದವನಿಗೂ ಹಣವಿತ್ತು. ಕೊನೆಗೆ ಕ್ರಿಸ್ತೊವಾಂವ್ ದ ಫಿಗೈರೆದು ಎಂಬ ಪೋರ್ತುಗೀಜನು ತನ್ನ ಇಪ್ಪತ್ತು ಮಂದಿ ಕೋವಿಕಾರರೊಡನೆ ಬಂದು, ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಹೊಡೆಯತೊಡಗಿದ ಮೇಲೆ ಕಲ್ಲು ಕೀಳುವವರ ಕೆಲಸ ಸುಗಮವಾಯಿತು, ಕೋಟೆ ಕೈವಶವಾಯಿತು. ನಾಲಿಕಾಸ್ತ್ರವು ಸಾವಿರಾರು ವರ್ಷಗಳಿಂದ ನಮ್ಮಲ್ಲಿದ್ದುದಾದರೆ, ಅಂದಿನ ದಕ್ಷಿಣದ ಅತ್ಯಂತ ಬಲಿಷ್ಠನಾದ ಅರಸನು ಇಪ್ಪತ್ತು ಮಂದಿ ಪರದೇಶಿಗಳ ಕೋವಿಗಳಿಗೆ ಋಣಿಯಾಗುತ್ತಿರಲಿಲ್ಲ.

ಓಪರ್ಟನ ಸಿದ್ಧಾಂತವನ್ನು ಬಿಟ್ಟರೆ ನಮ್ಮ ಹೆಮ್ಮೆಗೆ ಕುಂದೆಂದು ಮರುಗುವವರು ಮುಂದಿನ ಇನ್ನೂರೈವತ್ತು ವರ್ಷಗಳನ್ನು ನೋಡಬೇಕು. ಹೊರಗಿನಿಂದ ಬಂದ ಮದ್ದನ್ನು ಮೈಸೂರಿನವರು ಕಾಗದದ ಬದಲು ಕಬ್ಬಿಣದ ಕೊಳವೆಗೆ ತುಂಬಿದರು. ಬಾಣವು ಒಳಗಿನ ಒತ್ತಡವನ್ನು ತಾಳಿ ಹೆಚ್ಚು ದೂರ ಹೋಯಿತು. 1780ರ ಪೊಳ್ಳಿಲೂರಿನ ಕಾಳಗದಲ್ಲಿಯೂ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಇಂಗ್ಲೀಷರು ಅದರ ರುಚಿಯನ್ನು ಕಂಡರು. ವುಲಿಚ್ಚಿನಲ್ಲಿ ಕಾಂಗ್ರೀವನು ತನ್ನ ಅಗ್ನಿಬಾಣಗಳನ್ನು ಮಾಡಲು ಹೊರಟುದು ಈ ಮಾದರಿಯಿಂದಲೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯೊಂದರಿಂದ ಇಂಥ ಬಾಣಗಳು ಸಾವಿರಕ್ಕೂ ಹೆಚ್ಚಾಗಿ ಹೊರಬಂದುವು. ಅವುಗಳ ಕಬ್ಬಿಣ, ಕೊಳವೆಯ ದಪ್ಪ, ಬಾಯಿಯ ರಂಧ್ರ, ಒಳಗೆ ಉಳಿದ ಮದ್ದಿನ ಪ್ರಮಾಣ ಇವನ್ನು ಅಳೆದು ತೂಗಿ ಕನ್ನಡದಲ್ಲಿ ವಿವರವಾಗಿ ಪ್ರಕಟಿಸುವುದು ಶುಕ್ರನೀತಿಯ ಶ್ಲೋಕಗಳಿಗೆ ಮತ್ತೊಂದು ಟೀಕೆಯನ್ನು ಬರೆಯುವುದಕ್ಕಿಂತ ಮೊದಲು ಆಗಬೇಕಾದ ಕೆಲಸವಾಗಿದೆ.