ಯಾರ ಕಡೆಯವನೂ ಅಲ್ಲದ ಆ ‘ನಾರ್ಮಲ್’ ಮನುಷ್ಯ

ಆಡಮ್ ಸ್ಮಿತ್ ಅಂದ ಕೂಡಲೇ ನಮಗೆ ಮಾರುಕಟ್ಟೆ, ಲಾಭ, ಆ ‘ಕಾಣದ ಕೈ’ ನೆನಪಾಗುತ್ತೆ. ಆದರೆ ಆತನ ಮೊದಲ ಪುಸ್ತಕ ನೀತಿಶಾಸ್ತ್ರದ್ದು: 1759ರ ‘ದಿ ಥಿಯರಿ ಆಫ್ ಮಾರಲ್ ಸೆಂಟಿಮೆಂಟ್ಸ್’. ಅದರೊಳಗೊಬ್ಬ ನಿಷ್ಪಕ್ಷಪಾತಿ ನೋಡುಗ ಇದ್ದಾನೆ. ನಮ್ಮ ಎದೆಯೊಳಗೇ ಕೂತು, ನಾವು ಮಾಡಿದ್ದನ್ನ ಹೊರಗಿನವನ ಕಣ್ಣಿಂದ ನೋಡುವವನು.

ಸ್ಮಿತ್ ಕೊಡೋ ಉದಾಹರಣೆ ಪ್ರಸಿದ್ಧ. ಭೂಕಂಪದಲ್ಲಿ ಇಡೀ ಚೀನಾ ಮುಳುಗಿಹೋಯ್ತು ಅಂತ ಸುದ್ದಿ ಬರುತ್ತೆ. ಯುರೋಪಿನ ಒಬ್ಬ ಸಜ್ಜನ ಮರುಗುತ್ತಾನೆ, ಬದುಕು ನಶ್ವರ ಅಂತೆಲ್ಲ ಯೋಚಿಸುತ್ತಾನೆ, ಆಮೇಲೆ ಹಾಯಾಗಿ ಮಲಗುತ್ತಾನೆ. ಅದೇ, ನಾಳೆ ತನ್ನ ಕಿರುಬೆರಳು ಹೋಗುತ್ತೆ ಅಂತ ಗೊತ್ತಾದರೆ ರಾತ್ರಿಯಿಡೀ ನಿದ್ದೆಯಿಲ್ಲ. (ಯುದ್ಧದ ವಿಡಿಯೋ ನೋಡಿ ಮುಂದಿನ ರೀಲ್‌ಗೆ ಜಾರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.) ಹಾಗಂತ ಆ ಬೆರಳು ಉಳಿಸಿಕೊಳ್ಳೋಕೆ ಅಷ್ಟೂ ಜನರನ್ನ ಬಲಿ ಕೊಡ್ತಾನಾ? ಯೋಚನೆಗೇ ಬೆಚ್ಚಿಬೀಳ್ತಾನೆ. ಹಾಗೆ ಬೆಚ್ಚಿಸೋನೇ ಒಳಗಿನ ನೋಡುಗ. ಈ ನೋಡುಗನಿಗೆ ಕರುಳಿದೆ, ಮರುಕ ಗೊತ್ತು.

1952ರಲ್ಲಿ ಅಮೆರಿಕದ ರಾಡರಿಕ್ ಫರ್ತ್ ಇಂಥದ್ದೇ ನೋಡುಗನಿಗೆ ಹೊಸ ಬಯೋಡೇಟಾ ಬರೆದ. ಅವನಿಗೆ ಎಲ್ಲ ಸಂಗತಿಗಳೂ ಗೊತ್ತು, ಎಲ್ಲವನ್ನೂ ಒಟ್ಟಿಗೇ ಕಣ್ಣಮುಂದೆ ತಂದುಕೊಳ್ಳಬಲ್ಲ. ಸ್ವಾರ್ಥವಿಲ್ಲ, ಯಾರ ಮೇಲೂ ರಾಗದ್ವೇಷವಿಲ್ಲ, ಒಂದು ಸಲ ಹೀಗೆ ಇನ್ನೊಂದು ಸಲ ಹಾಗೆ ಅನ್ನೋದಿಲ್ಲ. ಇಂಥವನೊಬ್ಬ ಇದ್ದಿದ್ದರೆ ಏನನ್ನ ಒಪ್ಪುತ್ತಿದ್ದನೋ ಅದೇ ‘ಸರಿ’. ಪಟ್ಟಿಯ ಕೊನೆಯಲ್ಲೊಂದು ಷರತ್ತು: ಉಳಿದಂತೆ ಅವನು ‘ನಾರ್ಮಲ್’ ಮನುಷ್ಯ.

ನನ್ನ ತಕರಾರು ಇರೋದು ಈ ಕೊನೇ ಪದದ ಹತ್ತಿರ. ಎಲ್ಲಿಯ ನಾರ್ಮಲ್, ಯಾವ ಕಾಲದ ನಾರ್ಮಲ್? ಪ್ರಾಚೀನ ಅಥೆನ್ಸ್‌ನಲ್ಲಿ ಹಸುಗೂಸುಗಳನ್ನ ಸಾಯಲು ಬಿಟ್ಟುಬರೋ ರೂಢಿಯಿತ್ತು. ಪ್ಲೇಟೋ, ಅರಿಸ್ಟಾಟಲ್ ಕೂಡ ಅದನ್ನ ಖಂಡಿಸಲಿಲ್ಲ ಅಂತ ಸ್ಮಿತ್ತೇ ಬರೆದಿದ್ದಾನೆ. ಅವರು ದಡ್ಡರಲ್ಲ, ಅದರಿಂದ ಅವರ ಜೇಬಿಗೇನೂ ಬರ್ತಿರಲಿಲ್ಲ. ಬೆಳೆದ ರೀತಿ ಹಾಗಿತ್ತು. ಆಸೆ, ಕೋಪ ಎಲ್ಲ ತೊಳೆದುಹಾಕಿದರೂ ಬೆಳೆದ ರೀತಿ ಉಳಿಯುತ್ತೆ. ಅದನ್ನೂ ತೊಳೆದುಬಿಟ್ಟರೆ, ಆ ಎಲ್ಲ ಬಲ್ಲವನು ಒಂದು ಮಗು ಸತ್ತರೆ ತಲೆಕೆಡಿಸಿಕೊಳ್ಳಬೇಕಾದರೂ ಯಾಕೆ? ಫರ್ತ್ ಹತ್ತಿರ ಇದಕ್ಕೆ ಗಟ್ಟಿ ಉತ್ತರ ಇದೆ ಅಂತ ನನಗನ್ನಿಸಲ್ಲ.

ಇದು ಫಿಲಾಸಫಿ ಕ್ಲಾಸಿನ ಜಗಳ ಅನ್ನಬೇಡಿ. ಅಮೆಜಾನ್ ಕಂಪನಿ ರೆಸ್ಯೂಮೆಗಳನ್ನ ತೂಗೋಕೆ ಒಂದು ಪ್ರೋಗ್ರಾಂ ಕಟ್ಟಿತ್ತು. ಅದಕ್ಕೆ ನೆಂಟರಿಲ್ಲ, ಮೂಡ್ ಇಲ್ಲ, ದಾಕ್ಷಿಣ್ಯ ಮೊದಲೇ ಇಲ್ಲ. ಹತ್ತು ವರ್ಷದ ಹಳೇ ಅರ್ಜಿಗಳಿಂದ ಪಾಠ ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ರೆಸ್ಯೂಮೆಯಲ್ಲಿ ‘ಮಹಿಳೆಯರ’ ಅನ್ನೋ ಪದ ಕಂಡರೆ ಅಂಕ ಇಳಿಸ್ತಿತ್ತು ಅಂತ 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಅದರ ಪಾಲಿಗೆ ನಾರ್ಮಲ್ ಅಂದ್ರೆ ಗಂಡಸು.

2009ರ ‘ದಿ ಐಡಿಯಾ ಆಫ್ ಜಸ್ಟಿಸ್’ನಲ್ಲಿ ಅಮರ್ತ್ಯ ಸೇನ್ ಸ್ಮಿತ್‌ನ ನೋಡುಗನನ್ನೇ ವಾಪಸ್ ಕರೀತಾರೆ, ಆದರೆ ಒಬ್ಬನೇ ಸರ್ವಜ್ಞನಾಗಿ ಅಲ್ಲ. ದೂರದವರ, ನಮ್ಮ ರೂಢಿಯ ಹಂಗಿಲ್ಲದವರ ಕಣ್ಣುಗಳೂ ಬೇಕು ಅಂತಾರೆ. ನನಗೆ ಇದೇ ವಾಸಿ ಅನ್ನಿಸುತ್ತೆ. ಆದರೆ ಆ ದೂರದವರಲ್ಲಿ ಯಾರನ್ನ ಕರೀಬೇಕು, ಯಾರನ್ನ ಬಿಡಬೇಕು ಅಂತ ಪಟ್ಟಿ ಮಾಡೋರು ಮತ್ತೆ ನಾವೇ ತಾನೆ?